ಗಣಕದ ಲೆಕ್ಕಪುಸ್ತಕವೂ ಕೂಟಲೇಖವೆಂಬ ಅತಿಚಾರವೂ

ಶ್ರಾವಕನ ಐದು ಅಣುವ್ರತಗಳಲ್ಲಿ ಎರಡನೆಯದು ಸತ್ಯಾಣುವ್ರತ. ಅದಕ್ಕೆ ಐದು ಅತಿಚಾರಗಳುಂಟೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿಯೂ, ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಎಣಿಸಿ ಹೇಳಿದ್ದಾರೆ. ಇವುಗಳಲ್ಲಿ ಎರಡು ವರ್ತಕರಿಗೂ ಧರ್ಮಸಂಸ್ಥೆಗಳ ಆಡಳಿತಗಾರರಿಗೂ ನೇರವಾಗಿ ಸಂಬಂಧಿಸಿದವು. ಒಂದು ಕೂಟಲೇಖ, ಅಂದರೆ ಸುಳ್ಳು ಬರವಣಿಗೆ. ಇನ್ನೊಂದು ನ್ಯಾಸಾಪಹಾರ, ಅಂದರೆ ನಂಬಿ ಇಟ್ಟ ಠೇವಣಿಯ ಅಪಹರಣ. ಮಾತಿನಲ್ಲಿ ಆಡುವ ಅಸತ್ಯದ ಜೊತೆಗೆ ಬರಹದಲ್ಲಿ ಮಾಡುವ ಅಸತ್ಯವನ್ನು ಆಚಾರ್ಯರು ಪ್ರತ್ಯೇಕವಾಗಿ ಏಕೆ ಹೆಸರಿಸಿದರು ಎಂಬುದು ವಿಚಾರ ಮಾಡತಕ್ಕ ಸಂಗತಿ. ಆಡಿದ ಮಾತು ಕೇಳಿದವರ ನೆನಪಿನೊಡನೆ ಮುಗಿಯುತ್ತದೆ. ಬರೆದದ್ದಾದರೋ ಬರೆದವನು ಕಾಲವಾದ ಮೇಲೂ ಅವನ ಪರವಾಗಿ ಸಾಕ್ಷಿ ನುಡಿಯುತ್ತಲೇ ಇರುತ್ತದೆ. ಬರೆದವನನ್ನು ಕಾಣದ ಜನ ಆ ಸಾಕ್ಷಿಯನ್ನು ನಂಬಿ ವ್ಯವಹರಿಸುತ್ತಾರೆ.

ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಈ ಎರಡು ಅತಿಚಾರಗಳನ್ನು ವಿವರಿಸಿರುವ ರೀತಿ ಬಹಳ ಸೂಕ್ಷ್ಮವಾದುದು. ಒಬ್ಬನು ಹೇಳದೆ ಇದ್ದುದನ್ನು ಹೇಳಿದನೆಂದೂ, ಮಾಡದೆ ಇದ್ದುದನ್ನು ಮಾಡಿದನೆಂದೂ, ಪರರ ಪ್ರೇರಣೆಗೆ ಒಳಗಾಗಿ ವಂಚನೆಯ ನಿಮಿತ್ತ ಬರೆಯುವುದು ಕೂಟಲೇಖಕ್ರಿಯೆ ಎಂಬುದು ಅವರ ವಿವರಣೆಯ ತಾತ್ಪರ್ಯ. ಇಲ್ಲಿ ಪರರ ಪ್ರೇರಣೆ ಎಂಬ ಅಂಶ ಗಮನಾರ್ಹ. ಯಜಮಾನನ ಆಜ್ಞೆಯಂತೆ ಬರೆದ ಗುಮಾಸ್ತನೂ ದೋಷಮುಕ್ತನಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ನ್ಯಾಸಾಪಹಾರದ ವಿವರಣೆ ಇನ್ನೂ ಸೂಕ್ಷ್ಮ. ಠೇವಣಿ ಇಟ್ಟವನು ತಾನು ಇಟ್ಟ ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ನಿಜವನ್ನು ಬಲ್ಲವನು ಅಷ್ಟೇ ಇರಬೇಕೆಂದು ಒಪ್ಪಿ ಕೊಟ್ಟುಬಿಟ್ಟರೆ ಅದೂ ಅಪಹಾರವೇ. ಇಟ್ಟವನ ಮರೆವು ಇಟ್ಟುಕೊಂಡವನ ಆಸ್ತಿಯಾಗಲಾರದು.

ಸಾವಿರದೈನೂರು ವರ್ಷಗಳ ಹಿಂದೆ, ತಾಳೆಗರಿಯ ಕಾಲದಲ್ಲಿ ಮಾಡಿದ ಈ ಸೂಕ್ಷ್ಮ ವಿವೇಚನೆ ಇಂದಿನ ದಿನಗಳಲ್ಲಿ ಹೊಸ ಅರ್ಥವನ್ನು ಪಡೆಯುತ್ತಿದೆ. ಅದಕ್ಕೆ ಕಾರಣ ಲೆಕ್ಕಪತ್ರಗಳು ಕಾಗದವನ್ನು ಬಿಟ್ಟು ಗಣಕಯಂತ್ರವನ್ನು ಸೇರುತ್ತಿರುವುದು.

ಬಸದಿಗಳ ಟ್ರಸ್ಟುಗಳಲ್ಲಿ ದಾನಿಗಳ ಪಟ್ಟಿ, ಶಾಶ್ವತ ಪೂಜೆಯ ನಿಧಿ, ಅಭಿಷೇಕದ ತಿಥಿಗಳು, ಹುಂಡಿಯ ಆದಾಯ, ಜೀರ್ಣೋದ್ಧಾರದ ಖರ್ಚು ಇವೆಲ್ಲವನ್ನೂ ಹಿಂದೆ ಕೆಂಪು ರಟ್ಟಿನ ದಪ್ಪ ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ಈಗ ಅನೇಕ ಕಡೆಗಳಲ್ಲಿ ಅವನ್ನು ದತ್ತಸಂಚಯ, ಅಂದರೆ ಡೇಟಾಬೇಸ್ ಎಂಬ ರೂಪದಲ್ಲಿ ಇಡುತ್ತಾರೆ. ಡೇಟಾಬೇಸ್ ಎಂದರೆ ಅಡ್ಡಸಾಲು, ಉದ್ದಸಾಲುಗಳುಳ್ಳ ಅನೇಕ ಕೋಷ್ಟಕಗಳ ಸಮೂಹ. ದಾನಿಯ ಕೋಷ್ಟಕ ಒಂದು, ದಾನದ ಕೋಷ್ಟಕ ಒಂದು, ಪೂಜೆಯ ಕೋಷ್ಟಕ ಇನ್ನೊಂದು. ಇವುಗಳನ್ನು ಒಂದು ಸಂಖ್ಯೆಯ ಮೂಲಕ ಪರಸ್ಪರ ಜೋಡಿಸಿರುತ್ತಾರೆ. ಖಾತೆಯ ಪುಟಸಂಖ್ಯೆಯನ್ನು ರೋಜುಪುಸ್ತಕದಲ್ಲಿ ನಮೂದಿಸುವ ವರ್ತಕರ ಹಳೆಯ ಪದ್ಧತಿಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಇಂಥ ದತ್ತಸಂಚಯಗಳಲ್ಲಿ ಎಸ್‌ಕ್ಯೂಲೈಟ್ ಎಂಬುದು ಜಗತ್ತಿನಲ್ಲೆಲ್ಲ ಹರಡಿದೆ. ಜನರ ಕೈಯಲ್ಲಿರುವ ಆಂಡ್ರಾಯ್ಡ್ ಮತ್ತು ಐಫೋನ್ ದೂರವಾಣಿಗಳ ಒಳಗೆಲ್ಲ ಅದು ಇದೆ. ಅದರಲ್ಲಿ ಇಡೀ ದಾಖಲೆ ಒಂದೇ ಕಡತದಲ್ಲಿ, ಒಂದು ತಾಳೆಗರಿಯ ಕಟ್ಟಿನಂತೆ ಇರುತ್ತದೆ. ಅದನ್ನು ತೆರೆದು ನೋಡುವುದಕ್ಕೆ, ಸೇರಿಸುವುದಕ್ಕೆ, ತಿದ್ದುವುದಕ್ಕೆ ಡಿ.ಬಿ. ಬ್ರೌಸರ್ ಫಾರ್ ಎಸ್‌ಕ್ಯೂಲೈಟ್ ಎಂಬ ಚಿತ್ರರೂಪದ ಉಪಕರಣವಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಎಂಬ ಮೂರು ಬಗೆಯ ಗಣಕಗಳಲ್ಲಿಯೂ ಅದು ಸಮಾನವಾಗಿ ನಡೆಯುತ್ತದೆ. ಅದಕ್ಕೆ ಬೆಲೆಯಿಲ್ಲ. ಗಣಕದ ಭಾಷೆಯನ್ನು ಕಲಿಯದವರೂ ಕೋಷ್ಟಕವನ್ನು ಪರದೆಯ ಮೇಲೆ ಲೆಕ್ಕದ ಹಾಳೆಯಂತೆ ಕಂಡು, ಒಂದು ಮನೆಯನ್ನು ಬೆರಳಿನಿಂದ ಒತ್ತಿ, ಅಲ್ಲಿರುವ ಅಂಕಿಯನ್ನು ಬದಲಿಸಬಹುದು.

ಇದರ ಹಿನ್ನೆಲೆಯೂ ಧರ್ಮವಿಚಾರ ಮಾಡುವವರಿಗೆ ಆಸಕ್ತಿ ಹುಟ್ಟಿಸುವಂಥದು. ಎಸ್‌ಕ್ಯೂಲೈಟನ್ನು 2000ನೇ ಇಸವಿಯಲ್ಲಿ ರಿಚರ್ಡ್ ಹಿಪ್ ಎಂಬ ಅಮೆರಿಕದ ತಂತ್ರಜ್ಞರು ರಚಿಸಿದರು. ಅಮೆರಿಕದ ನೌಕಾಪಡೆಯ ಕ್ಷಿಪಣಿ ಹಡಗಿನಲ್ಲಿ ಅಪಾಯವಾದಾಗ ಹಾನಿಯನ್ನು ತಡೆಯುವ ವ್ಯವಸ್ಥೆಗೆ ಸಂಬಂಧಿಸಿದ ಕೆಲಸ ಮಾಡುತ್ತಿದ್ದಾಗ ಅದರ ಅವಶ್ಯಕತೆ ಅವರಿಗೆ ತೋರಿತು. ಹೀಗೆ ಯುದ್ಧದ ಹಡಗಿನಲ್ಲಿ ಹುಟ್ಟಿದ ಕೃತಿಯನ್ನು ಅವರು ಯಾವ ಹಕ್ಕನ್ನೂ ಉಳಿಸಿಕೊಳ್ಳದೆ ಸಮಸ್ತ ಜನರಿಗೆ ಬಿಟ್ಟುಕೊಟ್ಟರು. ಹಕ್ಕುಸ್ವಾಮ್ಯದ ಒಕ್ಕಣೆ ಇರಬೇಕಾದ ಜಾಗದಲ್ಲಿ ಒಂದು ಆಶೀರ್ವಚನವನ್ನು ಇರಿಸಿದರು. ಒಳಿತನ್ನು ಮಾಡಿ ಕೆಡುಕನ್ನು ಬಿಡಬೇಕು, ಕ್ಷಮಿಸಬೇಕು, ಧಾರಾಳವಾಗಿ ಹಂಚಬೇಕು, ಕೊಟ್ಟುದಕ್ಕಿಂತ ಹೆಚ್ಚು ಪಡೆಯಬಾರದು ಎಂಬುದು ಅದರ ಭಾವ. ಪರಿಗ್ರಹಪರಿಮಾಣವನ್ನು ಬಲ್ಲ ಶ್ರಾವಕರಿಗೆ ಈ ಭಾವ ಅಪರಿಚಿತವಲ್ಲ. ಅದನ್ನು ತೆರೆದು ನೋಡುವ ಚಿತ್ರರೂಪದ ಉಪಕರಣವನ್ನು ಮೊದಲು ಮೌರಿಸಿಯೋ ಪಿಯಾಸೆಂಟಿನಿ ಎಂಬವರು ಬೇರೊಂದು ಹೆಸರಿನಲ್ಲಿ ರಚಿಸಿ ಹೊರಗೆ ಬಿಟ್ಟರು. ಅನಂತರ ಅನೇಕ ಸ್ವಯಂಸೇವಕರು ಅದನ್ನು ಬೆಳೆಸಿಕೊಂಡು ಬಂದರು.

ಹೀಗೆ ಕೊಡುವುದನ್ನು ದಾನವೆನ್ನಬಹುದೇ? ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಇದಕ್ಕೆ ಸಮೀಪವಾದದ್ದು ಶಾಸ್ತ್ರದಾನ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿ ಕನ್ನಡ ನಾಡಿನಲ್ಲಿ ಪ್ರಸಿದ್ಧ. ಆಕೆ ಒಂದೊಂದು ಪ್ರತಿಗೂ ಲಿಪಿಕಾರನಿಗೆ ಕೂಲಿಯನ್ನೂ ಗರಿಗೆ ಬೆಲೆಯನ್ನೂ ತೆತ್ತಿರಬೇಕು. ಗಣಕದ ಉಪಕರಣದ ಸಾವಿರ ಪ್ರತಿಗಳಿಗೆ ಅಂಥ ವೆಚ್ಚವಿಲ್ಲ. ಆದರೂ ಕೊಡುವವನ ಬುದ್ಧಿ, ಶ್ರಮ, ಕಾಲಗಳು ಅದರಲ್ಲಿ ವ್ಯಯವಾಗಿವೆ. ಆದುದರಿಂದ ಅದನ್ನು ದಾನದ ಒಂದು ರೂಪವೆಂದು ಒಪ್ಪುವುದಕ್ಕೆ ಅಡ್ಡಿಯಿಲ್ಲ. ಇದಕ್ಕೆ ವಿರುದ್ಧವಾಗಿ, ಬೆಲೆಯುಳ್ಳ ಸಾಫ್ಟ್‌ವೇರಿನ ಕದ್ದ ಪ್ರತಿಯನ್ನು ತಂದು ಅದರಲ್ಲಿ ಜಿನಮಂದಿರದ ದಾನದ ಲೆಕ್ಕವನ್ನು ಬರೆಯುವ ಅಭ್ಯಾಸ ಕೆಲವೆಡೆ ಉಂಟು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕಳ್ಳನು ತಂದ ವಸ್ತುವನ್ನು ಸ್ವೀಕರಿಸುವುದೂ ಒಂದು. ಉಚಿತವಾದದ್ದು ಯೋಗ್ಯ ಮಾರ್ಗದಲ್ಲಿಯೇ ದೊರೆಯುತ್ತಿರುವಾಗ ಈ ಅತಿಚಾರಕ್ಕೆ ಬಡತನದ ನೆಪವೂ ಉಳಿಯುವುದಿಲ್ಲ.

ಆದರೆ ಇಂಥ ಉಪಕರಣವನ್ನು ಕೊಡುವವರು ತಮ್ಮ ಪರವಾನಗಿಯ ಪತ್ರದಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿರುತ್ತಾರೆ. ಇದರ ಬಳಕೆಯಿಂದ ಆಗುವ ಯಾವ ಹಾನಿಗೂ ತಾವು ಹೊಣೆಯಲ್ಲ ಎಂಬುದೇ ಆ ಮಾತು. ಅದು ನ್ಯಾಯವಾದದ್ದೇ. ಆದರೆ ಕೊಟ್ಟವನು ಇಳಿಸಿದ ಹೊಣೆ ಪಡೆದವನ ಹೆಗಲಿನ ಮೇಲೆ ಕುಳಿತುಕೊಳ್ಳುತ್ತದೆ. ಇಲ್ಲಿಂದ ಮುಖ್ಯ ಪ್ರಶ್ನೆ ಹುಟ್ಟುತ್ತದೆ. ಲೆಕ್ಕದ ಒಂದು ಸಾಲನ್ನು ಕಣ್ಣಿಗೆ ಗುರುತು ಕಾಣದಂತೆ ಬದಲಿಸುವ ಶಕ್ತಿ ಯಾವ ಕಷ್ಟವೂ ಇಲ್ಲದೆ, ಯಾವ ಬೆಲೆಯೂ ಇಲ್ಲದೆ ಎಲ್ಲರ ಕೈಗೂ ಬಂದಾಗ, ಆ ಲೆಕ್ಕದ ಸತ್ಯವನ್ನು ಕಾಯತಕ್ಕದ್ದು ಯಾವುದು?

ಹಳೆಯ ಪುಸ್ತಕದಲ್ಲಿ ಸತ್ಯವನ್ನು ಕಾಯುವುದಕ್ಕೆ ಮನುಷ್ಯನ ಸದ್ಬುದ್ಧಿಯ ಜೊತೆಗೆ ಶಾಯಿಯೂ ನೆರವಾಗುತ್ತಿತ್ತು. ಕೆರೆದರೆ ಕಾಗದ ತೆಳುವಾಗುತ್ತಿತ್ತು. ಹಾಳೆಯನ್ನು ಹರಿದರೆ ಪುಟಸಂಖ್ಯೆ ತಪ್ಪುತ್ತಿತ್ತು. ತಪ್ಪು ಬರೆದಾಗ ಅದರ ಮೇಲೆ ಒಂದು ಗೆರೆ ಎಳೆದು, ಸರಿಯಾದ ಮೊತ್ತವನ್ನು ಪಕ್ಕದಲ್ಲಿ ಬರೆದು, ರುಜು ಹಾಕುವುದು ಪದ್ಧತಿಯಾಗಿತ್ತು. ತಪ್ಪೂ ಓದುವಂತಿರಬೇಕು, ತಿದ್ದುಪಡಿಯೂ ಓದುವಂತಿರಬೇಕು ಎಂಬುದು ಲೆಕ್ಕಶಾಸ್ತ್ರದ ಮೊದಲನೆಯ ಪಾಠ. ಗಣಕದ ಕಡತದಲ್ಲಿ ಹಳೆಯ ಅಂಕಿ ಹೋಗಿ ಹೊಸ ಅಂಕಿ ಬಂದು ಕುಳಿತಾಗ, ಅದು ಮೊದಲಿನಿಂದಲೂ ಅಲ್ಲಿಯೇ ಇದ್ದಂತೆ ತೋರುತ್ತದೆ.

ಈ ಅಪಾಯವನ್ನು ಸರ್ಕಾರಗಳೂ ಕಂಡುಕೊಂಡಿವೆ. ಕರ್ನಾಟಕದಲ್ಲಿ ಭೂಮಿ ಎಂಬ ಯೋಜನೆಯ ಮೂಲಕ 2001ರ ಸುಮಾರಿಗೆ ಮಾಗಡಿಯೂ ಸೇರಿದಂತೆ ಎಲ್ಲ ತಾಲ್ಲೂಕುಗಳ ಪಹಣಿಗಳನ್ನು ಗಣಕಕ್ಕೆ ಏರಿಸಲಾಯಿತು. ಸುಮಾರು 67 ಲಕ್ಷ ಹಿಡುವಳಿದಾರರ, ಸುಮಾರು 2 ಕೋಟಿ ಪಹಣಿಗಳ ಆ ಮಹಾಕಾರ್ಯಕ್ಕೆ ಮೊದಲು ದಾಖಲೆಗಳು ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿದ್ದವು. ಗಣಕಕ್ಕೆ ಏರಿಸಿದ ಮಾತ್ರಕ್ಕೆ ದಾಖಲೆ ಶುದ್ಧವಾಯಿತೆಂದು ಯೋಜಕರು ಭಾವಿಸಲಿಲ್ಲ. ಹಕ್ಕು ಬದಲಾವಣೆ ಮಾಡುವ ಅಧಿಕಾರಿ ತನ್ನ ಬೆರಳಚ್ಚನ್ನು ಯಂತ್ರಕ್ಕೆ ಒಪ್ಪಿಸಿದ ಮೇಲೆಯೇ ಕೆಲಸ ಮಾಡಬೇಕೆಂದು ವ್ಯವಸ್ಥೆ ಮಾಡಿದರು. ಬದಲಾವಣೆಯನ್ನು ತಾನು ಮಾಡಲಿಲ್ಲವೆಂದು ಮುಂದೆ ಯಾರೂ ಹೇಳಬಾರದೆಂಬುದು ಅದರ ಉದ್ದೇಶ. ಕಂಪನಿಗಳ ವಿಷಯದಲ್ಲಿಯೂ ಕೇಂದ್ರ ಸರ್ಕಾರ ಇಂಥದೇ ನಿಯಮವನ್ನು ಮಾಡಿದೆ. ಗಣಕದಲ್ಲಿ ಲೆಕ್ಕ ಇಡುವ ಪ್ರತಿಯೊಂದು ಕಂಪನಿಯೂ, ಪ್ರತಿಯೊಂದು ತಿದ್ದುಪಡಿಯ ಜಾಡನ್ನು ದಿನಾಂಕದೊಡನೆ ಉಳಿಸುವ, ಆ ಜಾಡನ್ನು ಮುಚ್ಚಲು ಅವಕಾಶವಿಲ್ಲದ ಸಾಫ್ಟ್‌ವೇರನ್ನೇ ಬಳಸತಕ್ಕದ್ದೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಆದರೆ ಹಳೆಯ ಟ್ರಸ್ಟ್ ಪತ್ರದ ಆಧಾರದ ಮೇಲೆ ನಡೆಯುವ ಸಣ್ಣ ಬಸದಿಯೊಂದು ಕಂಪನಿಯಲ್ಲ. ಅಲ್ಲಿ ಈ ನಿಯಮ ಬಂದು ಕಾಯುವುದಿಲ್ಲ. ಕಾಯಬೇಕಾದದ್ದು ವ್ರತ.

ಈ ಮಾತು ಎಷ್ಟು ಕಠಿಣವಾದುದೆಂಬುದನ್ನು ಒಂದು ಉದಾಹರಣೆಯಿಂದ ಪರಿಶೀಲಿಸಬಹುದು. ಮಾಗಡಿ ಸೀಮೆಯ ಒಂದು ಸಣ್ಣ ಪೇಟೆಯಲ್ಲಿ ಕೆಲವೇ ಮನೆಗಳ ಜೈನಸಮಾಜ, ಒಂದು ಚಿಕ್ಕ ಬಸದಿ, ಅದಕ್ಕೊಂದು ಟ್ರಸ್ಟ್ ಇವೆಯೆಂದು ಭಾವಿಸೋಣ. 1986ರಲ್ಲಿ ಒಬ್ಬ ದಾನಿ ತನ್ನ ತಾಯಿಯ ಹೆಸರಿನಲ್ಲಿ ಹತ್ತು ಸಾವಿರ ರೂಪಾಯಿಗಳನ್ನು ಶಾಶ್ವತ ನಿಧಿಯಾಗಿ ಇಟ್ಟಿದ್ದಾನೆ. ಅದರ ಬಡ್ಡಿಯಿಂದ ವರ್ಷಕ್ಕೊಮ್ಮೆ ಒಂದು ತಿಥಿಯಲ್ಲಿ ಅಭಿಷೇಕ ನಡೆಯಬೇಕು. ದಾನಿ ಕಾಲವಾಗಿದ್ದಾನೆ. ಅವನ ಮೊಮ್ಮಗ ದೂರದ ಊರಿನಲ್ಲಿದ್ದಾನೆ. ಹಳೆಯ ಪುಸ್ತಕಗಳನ್ನು ಗಣಕಕ್ಕೆ ಏರಿಸುವ ಕೆಲಸವನ್ನು ಒಬ್ಬ ತರುಣನಿಗೆ ಒಪ್ಪಿಸಲಾಗಿದೆ. ಅವನು ಉಚಿತ ಉಪಕರಣವನ್ನು ತಂದು, ಕೋಷ್ಟಕಗಳನ್ನು ಮಾಡಿ, ಒಂದೊಂದೇ ಸಾಲನ್ನು ತುಂಬುತ್ತಾ ಹೋದಾಗ ಒಂದು ಸಂಗತಿ ಹೊರಬೀಳುತ್ತದೆ. ಮಧ್ಯದ ಮೂರು ವರ್ಷ ಆ ಅಭಿಷೇಕ ನಡೆದೇ ಇಲ್ಲ. ಬಡ್ಡಿಯ ಹಣವನ್ನು ಅಂದಿನ ಕಾರ್ಯದರ್ಶಿ ಮಳೆಗಾಲದಲ್ಲಿ ಸೋರುತ್ತಿದ್ದ ಗರ್ಭಗುಡಿಯ ಮಾಳಿಗೆಗೆ ಖರ್ಚು ಮಾಡಿದ್ದಾನೆ. ಒಂದು ಕಾಸನ್ನೂ ಅವನು ಮನೆಗೆ ಒಯ್ದಿಲ್ಲ. ಆದರೆ ಯಾರ ಒಪ್ಪಿಗೆಯನ್ನೂ ಪಡೆದಿಲ್ಲ. ಈಗ ಅವನೂ ಇಲ್ಲ. ಅವನ ಮಗ ಸಮಿತಿಯ ಸದಸ್ಯ.

ಅಷ್ಟರಲ್ಲಿ ದಾನಿಯ ಮೊಮ್ಮಗ ಬರುವ ಸುದ್ದಿ ಬರುತ್ತದೆ. ಸಮಿತಿಯ ಹಿರಿಯರೊಬ್ಬರು ತರುಣನಿಗೆ ಒಂದು ಸಲಹೆ ಕೊಡುತ್ತಾರೆ. ಆ ಮೂರು ವರ್ಷಗಳ ಎದುರಿಗೂ ಪೂಜೆ ನಡೆಯಿತು ಎಂದು ತುಂಬಿಬಿಟ್ಟರೆ ಮೃತರ ಹೆಸರು ಉಳಿಯುತ್ತದೆ, ಮಗನಿಗೆ ನೋವಾಗುವುದಿಲ್ಲ, ಬಂದವನೂ ಸಂತೋಷದಿಂದ ಹಿಂದಿರುಗುತ್ತಾನೆ, ಹಣವಂತೂ ದೇವರಿಗೇ ಸಂದಿದೆ ಎಂಬುದು ಅವರ ವಾದ.

ಈ ವಾದವನ್ನು ಕ್ಷುಲ್ಲಕವೆಂದು ತಳ್ಳಿಹಾಕುವಂತಿಲ್ಲ. ಅದರಲ್ಲಿ ಲೋಭವಿಲ್ಲ, ದಯೆಯಿದೆ. ಅಲ್ಲದೆ, ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಶ್ರಾವಕನು ನುಡಿಯಬಾರದೆಂದು ಸಮಂತಭದ್ರಾಚಾರ್ಯರೇ ಸತ್ಯಾಣುವ್ರತದ ಲಕ್ಷಣದಲ್ಲಿ ಸೇರಿಸಿದ್ದಾರೆ. ಅಹಿಂಸೆ ಎಲ್ಲ ವ್ರತಗಳ ತಾಯಿ. ಉಳಿದ ವ್ರತಗಳು ಅದರ ರಕ್ಷಣೆಗಾಗಿ ಇರುವ ಬೇಲಿಗಳು. ಹಾಗಾದರೆ ಇಲ್ಲಿ ದಯೆಯ ಹೆಸರಿನಲ್ಲಿ ಸಾಲನ್ನು ತಿದ್ದುವುದು ಧರ್ಮವಾಗಲಾರದೇ?

ಆಗಲಾರದು. ಅದಕ್ಕೆ ಮೂರು ಕಾರಣಗಳುಂಟು. ಮೊದಲನೆಯದಾಗಿ, ನೋವು ತರುವ ಸತ್ಯವನ್ನು ಆಡದಿರುವುದು ಬೇರೆ, ಅಸತ್ಯವನ್ನು ಬರೆಯುವುದು ಬೇರೆ. ಆಚಾರ್ಯರು ಅನುಮತಿ ಕೊಟ್ಟದ್ದು ಮೌನಕ್ಕೆ. ಮೃತನ ದೋಷವನ್ನು ಬೀದಿಯಲ್ಲಿ ಸಾರಬೇಕಾಗಿಲ್ಲ, ವಾರ್ಷಿಕ ಸಭೆಯಲ್ಲಿ ಮಗನ ಮುಖ ಬಾಡುವಂತೆ ಓದಬೇಕಾಗಿಲ್ಲ. ಆದರೆ ಮೌನಕ್ಕೆ ಸಿಕ್ಕ ಅನುಮತಿಯನ್ನು ಲೇಖನಿಯ ಕೈಗೆ ಕೊಡಲು ಬರುವುದಿಲ್ಲ. ಕೂಟಲೇಖವನ್ನು ಪ್ರತ್ಯೇಕವಾಗಿ ಹೆಸರಿಸಿದ್ದರ ಪ್ರಯೋಜನ ಇಲ್ಲಿ ಕಾಣುತ್ತದೆ.

ಎರಡನೆಯದಾಗಿ, ಮೊಮ್ಮಗನಿಗೆ ಮೂರು ವರ್ಷಗಳ ವಿಷಯ ತಿಳಿದಿಲ್ಲ. ಟ್ರಸ್ಟಿಗೆ ತಿಳಿದಿದೆ. ಮರೆತವನು ಕಡಿಮೆ ಕೇಳಿದಾಗ ಬಲ್ಲವನು ಸುಮ್ಮನೆ ಒಪ್ಪುವುದು ನ್ಯಾಸಾಪಹಾರವಾದರೆ, ಅರಿಯದೆ ಕೇಳದೆಯೇ ಇರುವವನ ಮುಂದೆ ಸುಳ್ಳು ಪಟ್ಟಿಯನ್ನು ಇಡುವುದು ಅದಕ್ಕಿಂತ ಕಿರಿದಾದ ದೋಷವಲ್ಲ. ದಾನಿ ಟ್ರಸ್ಟಿಗೆ ಇಟ್ಟುಹೋದದ್ದು ಹತ್ತು ಸಾವಿರ ರೂಪಾಯಿ ಮಾತ್ರವಲ್ಲ, ಪ್ರತಿ ವರ್ಷದ ಒಂದು ಮುಂಜಾವದ ಅಭಿಷೇಕ. ಆ ನ್ಯಾಸದಲ್ಲಿ ಮೂರು ಇನ್ನೂ ಬಾಕಿ ಇವೆ.

ಮೂರನೆಯ ಕಾರಣವನ್ನು ಲೆಕ್ಕ ಬಲ್ಲವರು ಬೇಗ ಗ್ರಹಿಸುತ್ತಾರೆ. ಜಮೆ ಖರ್ಚುಗಳ ಜೋಡಿಪದ್ಧತಿಯಲ್ಲಿ ಒಂದು ಸುಳ್ಳು ಒಂಟಿಯಾಗಿ ಬಾಳಲಾರದು. ಮೂರು ವರ್ಷಗಳ ಬಡ್ಡಿ ಪೂಜೆಗೆ ಖರ್ಚಾಯಿತೆಂದು ಬರೆದೊಡನೆ ಮಾಳಿಗೆಯ ದುರಸ್ತಿಗೆ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳುತ್ತದೆ. ಆಗ ಇನ್ನೊಂದು ಹೆಸರಿಲ್ಲದ ದಾನವನ್ನು ಸೃಷ್ಟಿಸಬೇಕು ಅಥವಾ ದುರಸ್ತಿಯನ್ನೇ ಅಳಿಸಬೇಕು. ಹಾಗೆ ಅಳಿಸಿದರೆ ಮೃತ ಕಾರ್ಯದರ್ಶಿ ಮಾಡಿದ ತಪ್ಪಿನೊಡನೆ, ಅವನು ಮಳೆಯಲ್ಲಿ ನಿಂತು ಗರ್ಭಗುಡಿಯನ್ನು ಉಳಿಸಿದ ಪುಣ್ಯವೂ ಅಳಿದುಹೋಗುತ್ತದೆ. ಅವನ ಮರ್ಯಾದೆಯನ್ನು ಉಳಿಸಲೆಂದು ಹೊರಟವರು, ಅಜಾಗರೂಕತೆಯ ಸಣ್ಣ ದೋಷವನ್ನು ವಂಚನೆಯಾಗಿ ಬೆಳೆಸಿ ಅವನ ಹೆಸರಿಗೇ ಕಟ್ಟಿದಂತಾಗುತ್ತದೆ. ನಿಜವಾದ ದಯೆಯ ಮಾರ್ಗ ಬೇರೆ. ಹಳೆಯ ಸಾಲನ್ನು ಇದ್ದಂತೆಯೇ ಏರಿಸಿ, ಅದರ ಕೆಳಗೆ ಇಂದಿನ ದಿನಾಂಕ ಹಾಕಿ ಹೊಸದೊಂದು ಸಾಲನ್ನು ಸೇರಿಸಬೇಕು. ಬಡ್ಡಿಯು ಮಾಳಿಗೆಯ ದುರಸ್ತಿಗೆ ವಿನಿಯೋಗವಾಯಿತು, ಬಾಕಿ ಮೂರು ಅಭಿಷೇಕಗಳನ್ನು ಟ್ರಸ್ಟ್ ನೆರವೇರಿಸತಕ್ಕದ್ದು ಎಂದು ಅದರಲ್ಲಿ ಬರೆಯಬೇಕು. ಮೊಮ್ಮಗನನ್ನು ಏಕಾಂತದಲ್ಲಿ ಕೂರಿಸಿಕೊಂಡು, ಮಾಳಿಗೆಯನ್ನು ತೋರಿಸಿ, ವಿಷಯವನ್ನು ತಿಳಿಸಬೇಕು. ಅವನಿಗೆ ಕೋಪ ಬರಬಹುದು. ಆ ಕೋಪವನ್ನು ಸಹಿಸುವುದೂ ಪ್ರಾಯಶ್ಚಿತ್ತದ ಒಂದು ಭಾಗವೇ.

ಈ ಸಂದರ್ಭದಲ್ಲಿ ಆ ತರುಣನ ಸ್ಥಿತಿಯನ್ನೂ ನೆನೆಯಬೇಕು. ಅವನ ಉಪಕರಣದಲ್ಲಿ ಎರಡು ಗುಂಡಿಗಳಿವೆ. ಕೋಷ್ಟಕದ ಒಂದು ಮನೆಯಲ್ಲಿ ಹೊಸ ಅಂಕಿಯನ್ನು ಒತ್ತಿದ ಮಾತ್ರಕ್ಕೆ ಅದು ಕಡತದಲ್ಲಿ ಶಾಶ್ವತವಾಗಿ ನೆಲೆಗೊಳ್ಳುವುದಿಲ್ಲ. ಬದಲಾವಣೆಗಳನ್ನು ಬರೆ ಎಂಬ ಗುಂಡಿಯನ್ನು ಒತ್ತಿದಾಗ ನೆಲೆಗೊಳ್ಳುತ್ತದೆ. ಅದಕ್ಕೆ ಮೊದಲು ಬದಲಾವಣೆಗಳನ್ನು ಹಿಂತೆಗೆ ಎಂಬ ಗುಂಡಿಯನ್ನು ಒತ್ತಿದರೆ ಎಲ್ಲವೂ ಮೊದಲಿನಂತಾಗುತ್ತದೆ. ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂದು ವ್ರತಭಂಗದ ಮೆಟ್ಟಿಲುಗಳನ್ನು ಶಾಸ್ತ್ರಗಳು ಹೇಳುತ್ತವೆ. ಮನಸ್ಸು ಜಾರುವುದು ಮೊದಲು, ಕೈ ಜಾರುವುದು ಕೊನೆಗೆ. ಎರಡು ಗುಂಡಿಗಳ ನಡುವಿನ ಆ ಕ್ಷಣದಲ್ಲಿ ಹಿರಿಯರ ಮಾತು, ತನ್ನ ಕೆಲಸದ ಚಿಂತೆ, ದಾಕ್ಷಿಣ್ಯ ಇವೆಲ್ಲವೂ ಅವನನ್ನು ಒಂದು ಕಡೆಗೆ ಎಳೆಯುತ್ತವೆ. ಪರಪ್ರೇರಣೆಯಿಂದ ಬರೆದರೂ ದೋಷ ಬರೆದವನನ್ನು ಬಿಡದೆಂದು ಪೂಜ್ಯಪಾದರು ಹೇಳಿದ್ದು ಅವನಂಥವರ ರಕ್ಷಣೆಗಾಗಿ. ಆದುದರಿಂದ ಹಿರಿಯರು ತಮ್ಮ ಸಲಹೆಯಿಂದ ತಾವೊಬ್ಬರೇ ಅಲ್ಲ, ತಮ್ಮ ಮಾತನ್ನು ಮೀರಲಾರದ ಒಬ್ಬ ಕಿರಿಯನನ್ನೂ ಅತಿಚಾರಕ್ಕೆ ನೂಕುತ್ತಿದ್ದಾರೆಂಬುದನ್ನು ಅರಿಯತಕ್ಕದ್ದು.

ಗುರುತು ಉಳಿಯುವುದಿಲ್ಲ ಎಂಬ ಧೈರ್ಯವೂ ಪೂರ್ತಿ ನಿಜವಲ್ಲ. ಎಸ್‌ಕ್ಯೂಲೈಟಿನಲ್ಲಿ ಒಂದು ಸಾಲನ್ನು ಅಳಿಸಿದಾಗ, ಸಾಮಾನ್ಯವಾಗಿ ಆ ಜಾಗ ಖಾಲಿಯೆಂದು ಗುರುತಾಗುತ್ತದೆಯೇ ಹೊರತು ಅಲ್ಲಿದ್ದ ಅಕ್ಷರಗಳು ಕೂಡಲೇ ನಾಶವಾಗುವುದಿಲ್ಲ. ಹೊಸ ಬರಹ ಅದರ ಮೇಲೆ ಬೀಳುವವರೆಗೆ ಅಥವಾ ಕಡತವನ್ನು ಪೂರ್ತಿಯಾಗಿ ಮರುಜೋಡಿಸುವವರೆಗೆ ಅವು ಒಳಗೆ ಉಳಿದಿರುತ್ತವೆ. ಬಲ್ಲವರು ಅವನ್ನು ಹೊರತೆಗೆಯಬಹುದು. ಕರ್ಮಸಿದ್ಧಾಂತವನ್ನು ಓದಿದವರಿಗೆ ಇಲ್ಲಿ ಉಪಶಮ, ಕ್ಷಯ ಎಂಬ ಎರಡು ಪದಗಳು ನೆನಪಾಗಬಹುದು. ಅಡಗಿಸಿಟ್ಟ ಕರ್ಮ ಮತ್ತೆ ಉದಯಕ್ಕೆ ಬರುತ್ತದೆ. ಉಪಶಮಶ್ರೇಣಿಯಲ್ಲಿ ಏರಿದವನು ಹನ್ನೊಂದನೆಯ ಗುಣಸ್ಥಾನದಿಂದ ಕೆಳಗೆ ಬೀಳಲೇಬೇಕು. ಆದರೆ ವ್ರತವು ಸಿಕ್ಕಿಬೀಳುವ ಭಯದ ಮೇಲೆ ನಿಂತದ್ದಲ್ಲ. ಯಾವ ಪರಿಣತನಿಗೂ ಸಿಗದಂತೆ ಅಳಿಸಿದರೂ, ಅಳಿಸಿದ ಭಾವದಿಂದ ಆದ ಬಂಧ ಕಡತದಲ್ಲಿಲ್ಲ, ಆತ್ಮನಲ್ಲಿದೆ. ಅದಕ್ಕೆ ಹಿಂತೆಗೆಯುವ ಗುಂಡಿ ಆಲೋಚನೆ ಮತ್ತು ಪ್ರತಿಕ್ರಮಣ ಮಾತ್ರ.

ಹಾಗೆಂದು ಎಲ್ಲವನ್ನೂ ಒಬ್ಬೊಬ್ಬರ ಸದ್ಬುದ್ಧಿಗೆ ಬಿಟ್ಟುಬಿಡುವುದು ಲೋಕಜ್ಞಾನವಲ್ಲ. ಸದ್ಬುದ್ಧಿಗೆ ಆಸರೆಯಾಗುವ ವ್ಯವಸ್ಥೆಯೂ ಬೇಕು. ಇದಕ್ಕೆ ದಾರಿ ತೋರುವ ಒಂದು ಪ್ರಾಚೀನ ನಿದರ್ಶನ ಮಾಗಡಿ ತಾಲ್ಲೂಕಿನಲ್ಲಿಯೇ ಇದೆ. ವಿಜಯನಗರದ ಬುಕ್ಕರಾಯನ ಕಾಲದಲ್ಲಿ, 1368ರಲ್ಲಿ, ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿತು. ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ಅರಸನಲ್ಲಿ ಮೊರೆಯಿಟ್ಟರು. ಅರಸನು ಎರಡೂ ಪಕ್ಷದವರನ್ನು ಕರೆಯಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ, ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿ ಇರಿಸಿದನು. ಜೈನರ ಪ್ರತಿ ಮನೆಯಿಂದ ವರ್ಷಕ್ಕೆ ಒಂದು ಹಣವನ್ನು ಎತ್ತಿ, ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಿ, ಉಳಿದುದರಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದು ನಿಶ್ಚಯವಾಯಿತು. ಈ ಸಂಗತಿಯನ್ನು ಶ್ರವಣಬೆಳಗೊಳದಲ್ಲಿ ಕಲ್ಲಿನ ಮೇಲೆ ಕೊರೆಯಿಸಿದರು. ಇದೇ ವಿಷಯದ ಶಾಸನ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇದೆ.

ಈ ಶಾಸನದಲ್ಲಿ ಇಂದಿನ ಟ್ರಸ್ಟುಗಳು ಗಮನಿಸತಕ್ಕ ವಿಷಯಗಳು ಹಲವು. ಒಂದನೆಯದು, ಒಪ್ಪಂದ ಒಂದೇ ಕಡೆ ಉಳಿಯಲಿಲ್ಲ. ಬೆಳಗೊಳದ ಕಲ್ಲನ್ನು ಯಾರಾದರೂ ಕೆಡಿಸಿದರೂ ಕಲ್ಯದ ಕಲ್ಲು ಸಾಕ್ಷಿ ನುಡಿಯುತ್ತದೆ. ಗಣಕದ ಕಡತವೂ ಹೀಗೆಯೇ. ಒಂದೇ ಪ್ರತಿಯಿದ್ದಲ್ಲಿ ಅದರ ಸತ್ಯ ಅದನ್ನು ಇಟ್ಟುಕೊಂಡವನ ಮುಷ್ಟಿಯಲ್ಲಿರುತ್ತದೆ. ತಿಂಗಳಿಗೊಮ್ಮೆ ಕಡತದ ಪ್ರತಿಯನ್ನು ತೆಗೆದು ಬೇರೆ ಊರಿನ ಒಬ್ಬ ವಿಶ್ವಸ್ತನ ಬಳಿ ಇಡುವುದಕ್ಕೆ ಕಾಸಿನ ಖರ್ಚಿಲ್ಲ.

ಎರಡನೆಯದು ಇನ್ನೂ ಆಳವಾದುದು. ಮನೆಮನೆಯ ಹಣವನ್ನು ಎತ್ತಿ ವಿನಿಯೋಗಿಸುವ ಅಧಿಕಾರವನ್ನು ಜೈನರ ಮುಖಂಡನಿಗೆ ಕೊಡಲಿಲ್ಲ. ಜೈನರ ಒಪ್ಪಿಗೆಯಿಂದಲೇ ಅದನ್ನು ತಿರುಮಲೆಯ ತಾತಯ್ಯನೆಂಬ ಶ್ರೀವೈಷ್ಣವನಿಗೆ ಒಪ್ಪಿಸಲಾಯಿತು. ಯಾರೊಡನೆ ವಿವಾದವಿತ್ತೋ ಅವರ ಪಕ್ಷದವನೇ ಜಿನಾಲಯದ ನ್ಯಾಸಕ್ಕೆ ಕಾವಲಾದನು. ಲೆಕ್ಕವನ್ನು ತಿದ್ದುವುದರಿಂದ ಲಾಭವಿಲ್ಲದವನ ಕೈಯಲ್ಲಿ ಲೆಕ್ಕದ ಒಂದು ಪ್ರತಿ ಇರಬೇಕೆಂಬ ನೀತಿ ಇದರಲ್ಲಿದೆ. ಇಂದಿನ ಟ್ರಸ್ಟುಗಳಲ್ಲಿ ಸಮಿತಿಯನ್ನು ಟೀಕಿಸುವ ಒಬ್ಬ ಸದಸ್ಯನಿದ್ದರೆ ಅವನಿಂದ ಪುಸ್ತಕವನ್ನು ಮುಚ್ಚಿಡುವುದು ರೂಢಿ. ಬುಕ್ಕರಾಯನ ಶಾಸನದ ನೀತಿಯಂತೆ ಪ್ರತಿಯನ್ನು ಮೊದಲು ಕೊಡಬೇಕಾದದ್ದು ಅವನಿಗೇ.

ಮೂರನೆಯದು ಒಬ್ಬ ವರ್ತಕನ ಹೆಸರು. ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದನೆಂದೂ, ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರೆಂದೂ ಬೆಳಗೊಳದ ಶಾಸನ ಹೇಳುತ್ತದೆ. ಕಲ್ಲೇಹವೆಂದರೆ ಈ ಕಲ್ಯವೇ. ಎರಡು ಪಕ್ಷಗಳೂ ನಂಬಿದ ಒಬ್ಬ ಸೆಟ್ಟಿ ಇಲ್ಲಿದ್ದನು. ಅವನ ಸಂಪತ್ತು ಎಷ್ಟಿತ್ತೆಂಬುದನ್ನು ಶಾಸನ ಹೇಳುವುದಿಲ್ಲ. ಉಳಿದದ್ದು ಆ ನಂಬಿಕೆಯ ಉಲ್ಲೇಖ ಮಾತ್ರ.

ಈ ನೀತಿಯನ್ನು ಉಚಿತ ಉಪಕರಣವನ್ನು ಬಳಸುವ ಟ್ರಸ್ಟುಗಳು ಸುಲಭವಾಗಿ ಆಚರಣೆಗೆ ತರಬಹುದು. ಬರೆದ ಸಾಲನ್ನು ಅಳಿಸಕೂಡದು, ತಪ್ಪಾದಲ್ಲಿ ಎದುರು ನಮೂದನ್ನು ಸೇರಿಸತಕ್ಕದ್ದು ಎಂದು ಸಮಿತಿ ನಿರ್ಣಯ ಮಾಡಬೇಕು. ಯಾವುದೇ ಅಂಕಿ ಬದಲಾದಾಗ ಹಳೆಯ ಅಂಕಿಯನ್ನೂ ವೇಳೆಯನ್ನೂ ತಾನಾಗಿಯೇ ಬೇರೊಂದು ಕೋಷ್ಟಕದಲ್ಲಿ ದಾಖಲಿಸುವ ಸೌಕರ್ಯ ಎಸ್‌ಕ್ಯೂಲೈಟಿನಲ್ಲಿದೆ. ಅದನ್ನು ಪ್ರಾರಂಭದಲ್ಲಿಯೇ ಅಳವಡಿಸಬೇಕು. ವರ್ಷಾಂತ್ಯದಲ್ಲಿ ಎಲ್ಲ ಕೋಷ್ಟಕಗಳನ್ನು ಮುದ್ರಿಸಿ, ಪುಟಪುಟಕ್ಕೂ ಇಬ್ಬರ ರುಜು ಹಾಕಿಸಿ ಕಟ್ಟಿಡಬೇಕು. ಒಬ್ಬನೇ ಟಂಕಿಸಿ ಒಬ್ಬನೇ ಪರಿಶೀಲಿಸುವಂತೆ ಇರಬಾರದು. ಈ ಎಲ್ಲ ಬೇಲಿಗಳನ್ನೂ ದಾಟಬಲ್ಲ ಜಾಣರು ಇರುವರೆಂಬುದು ನಿಜ. ಕಡತವನ್ನು ತೆರೆಯಬಲ್ಲವನು ಅದರ ಕಾವಲನ್ನೂ ಕಿತ್ತುಹಾಕಬಲ್ಲನು. ಆದುದರಿಂದಲೇ ಕೊನೆಯ ಬೇಲಿ ಉಪಕರಣದಲ್ಲಿಲ್ಲ, ಅದನ್ನು ಹಿಡಿದ ಕೈಯ ವ್ರತದಲ್ಲಿದೆ.

ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯಕ್ಕೆ ಮೀಸಲಾದ ಒಂದು ದಿನವಿದೆ. ಅಂದು ಪ್ರವಚ‌ನ ಮುಗಿದ ಮೇಲೆ ಟ್ರಸ್ಟಿನ ಆಡಳಿತಗಾರರು ತಮ್ಮ ಶಾಶ್ವತ ಪೂಜೆಯ ಪಟ್ಟಿಯನ್ನು ತೆರೆದು, ಯಾವ ದಾನಿಯ ಯಾವ ವರ್ಷದ ಅಭಿಷೇಕ ಬಾಕಿ ಉಳಿದಿದೆಯೆಂದು ಒಂದೊಂದಾಗಿ ನೋಡಿಕೊಂಡರೆ ಉಚಿತವಾಗಿರುತ್ತದೆ. ಬಾಕಿ ಕಂಡಲ್ಲಿ ಅದನ್ನು ಬಾಕಿಯೆಂದೇ ಬರೆದು, ಪರ್ವದ ಕೊನೆಯ ಕ್ಷಮಾವಣಿಯ ದಿನ ಆ ಮನೆತನದವರಿಗೆ ಪತ್ರ ಬರೆಯಬೇಕು. ಕಳೆದ ವರ್ಷಗಳ ಪೂಜೆಗಳನ್ನು ಮುಂದಿನ ಕಾರ್ತಿಕದೊಳಗೆ ನೆರವೇರಿಸಿ, ಆ ದಿನಾಂಕವನ್ನು ಹಳೆಯ ಸಾಲಿನ ಕೆಳಗೆ ಹೊಸ ಸಾಲಿನಲ್ಲಿ ದಾಖಲಿಸಬೇಕು.